ಕ್ರೇವನ್ ಏಕೆ ಕೊಲ್ಲಲಿಲ್ಲ?

ಪ್ರಶ್ನೆ, ಕುಂಬಳೆಯಿಂದ: ಸ್ಪೈಡರ್‌ಮ್ಯಾನ್‌ನನ್ನು ಬೇಟೆಯಾಡುವ ಕ್ರೇವನ್ 1964ರಲ್ಲಿ ಕಾಮಿಕ್ಸ್ ಪುಟಗಳಲ್ಲಿ ಮೊದಲು ಬಂದವನು. 1987ರ ಕಥೆಯಲ್ಲಿ ನಾಯಕನನ್ನು ಕೆಡವಿ, ಹೂತು, ಅವನದೇ ಉಡುಪು ತೊಟ್ಟು ಊರು ತಿರುಗುತ್ತಾನೆ. ಆದರೆ ಕೊಲ್ಲುವುದಿಲ್ಲ. ಏಕೆ? ಓದಿ ಮೂರು ರಾತ್ರಿ ನನಗೆ ನಿದ್ದೆಯಿಲ್ಲ.

ಉತ್ತರ, ಬದಿಯಡ್ಕದಿಂದ: ತಮ್ಮಾ, ಅವನಿಗೆ ಹೆಣ ಬೇಕಿರಲಿಲ್ಲ, ತಾನೇ ಮೇಲು ಎಂಬ ರುಜುವಾತು ಬೇಕಿತ್ತು. ಅದಕ್ಕೇ ಇಲಿಯಂಥ ಖಳ ವರ್ಮಿನ್‌ನನ್ನು ಒಬ್ಬನೇ ಸೋಲಿಸಿದ. ಹಿಂದೆ ಅದೇ ವರ್ಮಿನ್‌ನನ್ನು ಮಣಿಸಲು ಸ್ಪೈಡರ್‌ಮ್ಯಾನ್‌ಗೆ ಕ್ಯಾಪ್ಟನ್ ಅಮೆರಿಕಾನ ನೆರವು ಬೇಕಾಗಿತ್ತು.

ಉತ್ತರ, ಮಂಜೇಶ್ವರದಿಂದ: ನಮ್ಮ ಬಯಲಾಟದ ಕಿರಾತ ವೇಷ ನೆನಪಾಯಿತು. ಆ ಬೇಡನೊಳಗೆ ಶಿವನಿದ್ದಾನೆ. ಸೋತ ಅರ್ಜುನನಿಗೂ ಪಾಶುಪತ ಸಿಗುತ್ತದೆ. ಕ್ರೇವನ್‌ನೊಳಗೆ ಬರೀ ಕ್ರೇವನ್.

ಕುಂಬಳೆಯಿಂದ: ಹೌದು ಅಣ್ಣಾ. ಎರಡು ವಾರ ಮಣ್ಣಡಿಯಿದ್ದವನು ಮೇರಿ ಜೇನ್‌ಳನ್ನು ನೆನೆದು (ಅವನ ಹೆಂಡತಿ) ಎದ್ದು ಬರುತ್ತಾನಲ್ಲ, ಆ ಪುಟಗಳನ್ನು ಇವತ್ತೇ ಮತ್ತೆ ಓದುತ್ತೇನೆ.