ಸಹಾಯ ಬೇಕು: ಅಮ್ಮನ ದನಿಯನ್ನು ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಮ ತೀರಿಕೊಂಡು ಎರಡು ತಿಂಗಳಾಯಿತು. ತೀರ್ಥಹಳ್ಳಿಯ ಮನೆಯಲ್ಲಿ ಅವರ ಮೊಬೈಲ್ ಇನ್ನೂ ದೇವರ ಮನೆಯ ಗೂಡಿನಲ್ಲಿಯೇ ಇದೆ. ಬರೆಯುವುದೆಂದರೆ ಅವರಿಗೆ ಬೇಸರ, ಏನಿದ್ದರೂ ವಾಟ್ಸಾಪ್‌ನಲ್ಲಿ ಮಾತನಾಡಿಯೇ ಕಳುಹಿಸುತ್ತಿದ್ದರು. "ಊಟ ಆಯಿತೇನೋ" ಎಂಬ ವಿಚಾರಣೆ, ಅಪ್ಪೆಮಿಡಿ ಉಪ್ಪಿಗೆ ಹಾಕಿದ ಸುದ್ದಿ, ಹಿಂದೆ ಹೆಂಚಿನ ಮೇಲೆ ಸುರಿಯುವ ಮಳೆ. ಕೊನೆಯದರಲ್ಲಿ ಒಂದಿಷ್ಟು ಕೆಮ್ಮು, "ಆಮೇಲೆ ಹೇಳುತ್ತೇನೆ" ಎಂಬ ಮಾತು. ಅದನ್ನು ಒಂದೇ ಸಲ ಕೇಳಿದ್ದೇನೆ.

120 ದಿನ ಬಳಸದಿದ್ದರೆ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಪ್ರೀಪೇಯ್ಡ್ ನಂಬರ್ ರದ್ದಾದರೆ ಮುಂದೆ ಬೇರೆಯವರಿಗೆ ಸಿಗಬಹುದು. ಅಮ್ಮನ ಹೆಸರಿನ ಪಕ್ಕದಲ್ಲಿ ಅಪರಿಚಿತರ ಮುಖ ಕಾಣುವುದನ್ನು ನಾನು ತಡೆದುಕೊಳ್ಳಲಾರೆ. ಅದಕ್ಕೇ ರೀಚಾರ್ಜ್ ಮಾಡಿಸುತ್ತಿದ್ದೇನೆ.

ನನ್ನ ಫೋನಿನಲ್ಲಿರುವ ಸುಮಾರು 300 ದನಿ ಸಂದೇಶಗಳನ್ನು ದಿನಾಂಕದ ಕ್ರಮ ಕೆಡದಂತೆ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ? ಅವೆಲ್ಲ ಓಪಸ್ ಎಂಬ ಬಗೆಯ ಆಡಿಯೋ ಕಡತಗಳು. ಅಪ್ಪನ ಹಳೆಯ ಪ್ಲೇಯರಿನಲ್ಲಿ ಕೇಳಿಸಲು ಎಂಪಿ3 ಮಾಡಿದರೆ ದನಿ ಕೆಡುತ್ತದೆಯೇ? ಇದನ್ನು ಮಾಡಿ ಅನುಭವವಿದ್ದವರು ದಯವಿಟ್ಟು ಹಂತಹಂತವಾಗಿ ತಿಳಿಸಿ.

ಈ ದನಿಯಿಂದ ಕೃತಕ ಬುದ್ಧಿಮತ್ತೆಯಲ್ಲಿ ಹೊಸ ಮಾತು ಆಡಿಸಬಹುದೆಂದು ಇಬ್ಬರು ಹೇಳಿದರು. ಅದು ಬೇಡ. ಅಮ್ಮ ಆಡಿದ ಮಾತಷ್ಟೇ ನನಗೆ ಬೇಕು.