1987ರ ಒಂದು ಸಂಜೆ ಟೀವಿಯಲ್ಲಿ ಏನೇನು ಬರ್ತಿತ್ತು?

ತುಂಗಾತೀರ, ತೀರ್ಥಹಳ್ಳಿ
ಊರಿನ ವಾರ್ಷಿಕೋತ್ಸವಕ್ಕೆ ಸಣ್ಣ ನಾಟಕ ಮಾಡ್ತಿದ್ದೇವೆ. ಜಗಲಿಯಲ್ಲಿ ಟೀವಿ, ಎದುರಿಗೆ ಅಕ್ಕಪಕ್ಕದ ಮನೆಯವರೆಲ್ಲ. ಕಾಲ 1987. ನಾನು ಆಗಿನ್ನೂ ಹುಟ್ಟಿರಲಿಲ್ಲ. ಸಂಜೆ ಯಾವುದಾದ ಮೇಲೆ ಯಾವುದು ಬರುತ್ತಿತ್ತು? ರಾಮಾಯಣ ಹಾಕು ಅಂತ ಎಲ್ಲರೂ ಹೇಳ್ತಾರೆ.

ದಬ್ಬೆ ಗಿರಾಕಿ, ಸಾಗರ
ಮೊದಲು ರಾಮಾಯಣ ತೆಗೀರಿ ಮಾರಾಯ್ರೇ, ಅದು ಭಾನುವಾರ ಬೆಳಗ್ಗೆ! ಸಂಜೆ ಅಂದರೆ ಕೃಷಿದರ್ಶನ, ಹಿಂದಿ ವಾರ್ತೆ, ಆಮೇಲೆ ಬುನಿಯಾದ್ ಥರದ ಧಾರಾವಾಹಿ, ಇಂಗ್ಲಿಷ್ ವಾರ್ತೆ, ಕೊನೆಗೆ ಯಾರದೋ ಸಿತಾರ್. ಸಿನಿಮಾ ಹಾಡುಗಳ ಚಿತ್ರಹಾರ್ ಇದ್ದ ದಿನ ಮಾತ್ರ ಜಗಲಿ ಸಾಲುತ್ತಿರಲಿಲ್ಲ. ಬೆಂಗಳೂರು ದೂರದರ್ಶನ 1981ರಲ್ಲೇ ಶುರುವಾಗಿದ್ದರೂ ಎಷ್ಟೋ ಸಣ್ಣ ರಿಲೇ (ಮರುಪ್ರಸಾರ) ಕೇಂದ್ರಗಳು ದಿಲ್ಲಿಯದನ್ನಷ್ಟೇ ಕೊಡುತ್ತಿದ್ದವು. ಹಾಗಾಗಿ ಕನ್ನಡ ಸಿಗ್ತಿತ್ತಾ ಅಂತ ನಿಮ್ಮೂರಿನ ಹಿರಿಯರನ್ನೇ ಕೇಳಿ. ಇನ್ನೊಂದು, ಯಾರೂ ಎದ್ದು ಹೋಗುತ್ತಿರಲಿಲ್ಲ. ಇದ್ದಿದ್ದೇ ಒಂದು ಚಾನೆಲ್. ಹಿಂದಿಯ ಗಂಧವಿಲ್ಲದ ನಮ್ಮಜ್ಜಿ ಗೋಧಿಗೆ ಗೊಬ್ಬರ ಎಷ್ಟು ಅನ್ನೋದನ್ನೂ ಕೂತು ನೋಡುತ್ತಿದ್ದರು, ಅಜ್ಜ ಮಾತ್ರ 'ಇವರು ಅಡಿಕೆ ಕೊಳೆರೋಗಕ್ಕೆ ಏನೂ ಹೇಳೋದಿಲ್ಲ' ಅಂತ ಗೊಣಗುತ್ತಿದ್ದರು. ನಾಟಕಕ್ಕೆ ಅದನ್ನು ಹಾಕಿ.

ಘಾಟಿ ಮಳೆ, ಆಗುಂಬೆ
ಮಾಲ್ಗುಡಿ ಡೇಸ್ ಬಿಟ್ಟರೆ ಜಗಳ ಆಗುತ್ತೆ ನೋಡಿ. ಶಂಕರ್ ನಾಗ್ ನಮ್ಮೂರಲ್ಲೇ ತೆಗೆದದ್ದು, ದೊಡ್ಡಮನೆಯಲ್ಲಿ. ಅದು ಬಂದಾಗ ಸ್ವಾಮಿಗೆ ಏನಾಯ್ತು ಅನ್ನೋದಕ್ಕಿಂತ 'ಅದೋ ನಮ್ಮ ಬೀದಿ, ಅದೋ ಅವರ ಮನೆ ಜಗಲಿ' ಅನ್ನೋ ಗಲಾಟೆಯೇ ಜಾಸ್ತಿ. ಮಾತು ಹಿಂದಿ, ಊರು ನಮ್ಮದು. ಕಥೆ ಅರ್ಧ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸುಮ್ನೆ ಕೂತವ, ಹೊಸನಗರ
ಎಲ್ಲರೂ ಭಾರಿ ಚೆಂದ ಮಾಡಿ ಹೇಳ್ತಿದ್ದೀರಿ. ನಾವು ಅರ್ಧ ಸಂಜೆ ನೋಡಿದ್ದು ಪರದೆ ಮೇಲಿನ ಚುಕ್ಕಿಯನ್ನೇ ಅಲ್ವಾ? ಮಧ್ಯೆ ಗುಡ್ಡ ಇದ್ದರೆ ಸಿಗ್ನಲ್ ಎಲ್ಲಿಂದ ಬರಬೇಕು! ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿ, ಒಬ್ಬ ಮಳೆಯಲ್ಲಿ ಅದನ್ನು ತಿರುಗಿಸಬೇಕು, ಒಬ್ಬ ಕಿಟಕಿಯಲ್ಲಿ ನಿಂತು 'ಬಂತು, ಬಂತು, ಅಯ್ಯೋ ಹೋಯ್ತು' ಅನ್ನಬೇಕು. ಚಿತ್ರ ಸರಿಯಾಯ್ತು ಅನ್ನುವಷ್ಟರಲ್ಲಿ 'ರುಕಾವಟ್ ಕೇ ಲಿಯೇ ಖೇದ್ ಹೈ', ಅಂದರೆ ಅಡಚಣೆಗೆ ವಿಷಾದ ಅನ್ನೋ ಬೋರ್ಡು. ಅದೂ ಆದರೆ ಕರೆಂಟೇ ಇಲ್ಲ.

ತುಂಗಾತೀರ, ತೀರ್ಥಹಳ್ಳಿ
ಆಂಟೆನಾ ತಿರುಗಿಸುವವನೇ ಈಗ ನಾಟಕದ ಹೀರೋ! ಶಟರ್ ಇರುವ ಹಳೇ ಕಪ್ಪುಬಿಳುಪು ಟೀವಿ ಯಾರ ಅಟ್ಟದಲ್ಲಾದರೂ ಇದೆಯಾ? ಕೆಟ್ಟಿದ್ದರೂ ಪರವಾಗಿಲ್ಲ.

ದಬ್ಬೆ ಗಿರಾಕಿ, ಸಾಗರ
ನಮ್ಮಲ್ಲಿದೆ. ಭಾರ ಉಂಟು, ಜೀಪು ತನ್ನಿ.