ಕಾಸರಗೋಡು ಪೇಟೆಯ ಮುಂಜಾನೆ ನಡಿಗೆಯಲ್ಲಿ ಕಂಡ ಹಕ್ಕಿ ಯಾವುದು?

ಪ್ರಶ್ನೆ: ನಿನ್ನೆ ಬೆಳಿಗ್ಗೆ ತಳಂಗರೆಯ ಕಡೆಗೆ ನಡೆದು ಹೋಗುತ್ತಿದ್ದಾಗ, ಚಂದ್ರಗಿರಿ ಹೊಳೆಯ ಮೇಲೆ ಬಿಳಿ ತಲೆ, ಬಿಳಿ ಎದೆಯ ದೊಡ್ಡ ಹಕ್ಕಿಯೊಂದು ಸುತ್ತುತ್ತಿದ್ದುದನ್ನು ಕಂಡೆ. ಅದು ಗರುಡವೇ? ಪೇಟೆಯ ಆಸುಪಾಸಿನಲ್ಲಿ ಮಗಳಿಗೆ ಹಾರುವ ಓತಿಯನ್ನು ತೋರಿಸಬೇಕೆಂಬ ಆಸೆಯೂ ಇದೆ, ಎಲ್ಲಿ ಹುಡುಕಲಿ?

ಉತ್ತರ 1: ರೆಕ್ಕೆ ಮತ್ತು ಬೆನ್ನಿನ ಬಣ್ಣವನ್ನು ನೆನಪಿಸಿಕೊಳ್ಳಿ. ಅವು ಇಟ್ಟಿಗೆಗೆಂಪಾಗಿದ್ದರೆ ಗರುಡ. ಬೂದು ಬಣ್ಣವಾಗಿದ್ದು, ಹೊಟ್ಟೆಯೂ ಪೂರ್ತಿ ಬಿಳಿಯಾಗಿ, ಗಿಡ್ಡ ಬಾಲವು ಬೆಣೆಯಾಕಾರದಲ್ಲಿದ್ದರೆ ಅದು ಬಿಳಿಹೊಟ್ಟೆಯ ಕಡಲ ಹದ್ದು. ಮರಿಹದ್ದುಗಳು ಕಂದಾಗಿರುವುದರಿಂದ ಅನುಭವಿಗಳೂ ಕೆಲವೊಮ್ಮೆ ತಪ್ಪುತ್ತಾರೆ.

ಉತ್ತರ 2: ಕಡಲ ಹದ್ದೇ ಆಗಿದ್ದರೆ ನೀವು ಭಾಗ್ಯವಂತರು, ಏಕೆಂದರೆ 2023ರಲ್ಲಿ ನಮ್ಮ ಜಿಲ್ಲೆಯ ಪಕ್ಷಿಯೆಂದು ಘೋಷಿಸಲ್ಪಟ್ಟದ್ದು ಅದೇ. ಎತ್ತರದ ಹಳೆಯ ಮರಗಳಲ್ಲಿ ಕಟ್ಟಿದ ಗೂಡಿಗೇ ಅದು ವರ್ಷವರ್ಷವೂ ಮರಳುವುದರಿಂದ, ಕರಾವಳಿಯ ಒಂದು ದೊಡ್ಡ ಮರ ಉರುಳಿದರೂ ನನಗೆ ಸಂಕಟವಾಗುತ್ತದೆ. ಗೂಡು ಕಂಡರೆ ದಯವಿಟ್ಟು ದೂರದಿಂದಲೇ ನೋಡಿ.

ಉತ್ತರ 3: ಹಾರುವ ಓತಿಗೆ ಅಡಿಕೆ ತೋಟವೇ ಸರಿ. ಬಿಸಿಲೇರಿದ ಮೇಲೆ ಹೋಗಿ, ಮರದ ಕಾಂಡವನ್ನು ಎದೆಮಟ್ಟದಿಂದ ಮೇಲಕ್ಕೆ ನಿಧಾನವಾಗಿ ನೋಡುತ್ತಾ ಬನ್ನಿ. ತೊಗಟೆಯ ಬಣ್ಣದಲ್ಲೇ ಅಡಗಿರುವ ಗಂಡು ಓತಿ, ಗಂಟಲಿನ ಹಳದಿ ಚೀಲವನ್ನು ಬಿಚ್ಚಿದಾಗ ಮಾತ್ರ ಥಟ್ಟನೆ ಕಾಣುತ್ತದೆ. ನೀಳವಾದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಹರಡಿಕೊಂಡು ಅದು ಮರದಿಂದ ಮರಕ್ಕೆ ತೇಲುತ್ತದೆ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯುತ್ತದೆ. ತೋಟದವರನ್ನು ಕೇಳಿಯೇ ಒಳಹೋಗಿ.